ಮಕ್ಕಳ ಬಾಯಿ ಬಿಡಿಸುವ ಓದಿನ ತಾಸು

ಸೋಮವಾರ ಬೆಳಿಗ್ಗೆ ಬೆಲ್ಲದ ಬಾಗೇವಾಡಿಯ ನನ್ನ ದವಾಖಾನೆಗೆ ಬರುವ ಶಾಲಾ ಮಕ್ಕಳಲ್ಲಿ ಹೆಚ್ಚಿನವರದು ಒಂದೇ ತಕರಾರು, ಹೊಟ್ಟೆನೋವು. "ಯಾಕೋ ತಮ್ಮಾ, ಎಲ್ಲಿ ನೋಯಾಕತ್ತೈತಿ?" ಎಂದು ಹುಡುಗನನ್ನು ಕೇಳಿದರೆ ಉತ್ತರ ಬರುವುದು ತಾಯಿಯಿಂದ. "ನಿನ್ನಿಯಿಂದ ಹೊಕ್ಕಳ ಸುತ್ತ ನೋವು ಅಂತಾನ್ರೀ, ಏನೂ ಉಂಡಿಲ್ರೀ." ಮತ್ತೆ ಹುಡುಗನ ಕಡೆ ತಿರುಗಿ "ಶಾಲ್ಯಾಗ ಏನರ ಆಗೇತೇನು?" ಎಂದರೆ ಈ ಸಲ ತಂದೆ, "ಏನೂ ಆಗಿಲ್ರೀ ಸಾಹೇಬ್ರ, ಶಾಲಿಗೆ ಹೋಗಾಕ ಕಳ್ಳಾಟ" ಎನ್ನುತ್ತಾರೆ. ಹುಡುಗ ನೆಲ ನೋಡುತ್ತ ನಿಂತಿರುತ್ತಾನೆ. ನೋವು ಅವನದು, ಮಾತು ಮಾತ್ರ ಮನೆಯವರದು.

ಹೀಗೆ ಬರುವ ಮಕ್ಕಳಲ್ಲಿ ಕೆಲವರಿಗೆ ಜಂತುಹುಳು, ಕೆಲವರಿಗೆ ಮಲಬದ್ಧತೆ, ಕೆಲವರಿಗೆ ಮೂತ್ರದ ಸೋಂಕು ಇರುತ್ತದೆ. ಇನ್ನು ಕೆಲವರನ್ನು ಎಷ್ಟು ತಪಾಸಿಸಿದರೂ ದೇಹದಲ್ಲಿ ಏನೂ ಸಿಗುವುದಿಲ್ಲ. ಅಂಥವರ ಹೊಟ್ಟೆಯಲ್ಲಿ ಕೂತಿರುವುದು ಹೇಳಲಾರದ ಒಂದು ಸಂಗತಿ. ಗಟ್ಟಿಯಾಗಿ ಓದುವಾಗ ತಡವರಿಸಿದ್ದಕ್ಕೆ ತರಗತಿ ನಕ್ಕಿದ್ದು, ದೊಡ್ಡ ಹುಡುಗನೊಬ್ಬ ದಾರಿಯಲ್ಲಿ ಅಡ್ಡಗಟ್ಟಿದ್ದು, ಮನೆಯ ಜಗಳ. ಈ ವಾರದ ಅಂಕಣದಲ್ಲಿ ಗುಳಿಗೆ, ಔಷಧಿಯ ವಿಷಯಕ್ಕಿಂತ ಮೊದಲು ಶಾಲೆಯ ಓದಿನ ತಾಸಿನ ವಿಷಯ ಬರೆಯುತ್ತಿದ್ದೇನೆ. ವೈದ್ಯನಿಗೇಕೆ ಪಾಠದ ಉಸಾಬರಿ ಎಂದು ಕೇಳುವ ಓದುಗರು ಮುಂದಿನ ಘಟನೆಯನ್ನು ಓದಬೇಕು.

ಕಥೆಗೆ ಹೊಂದದ ಉತ್ತರ

ಕಬ್ಬು ಕಡಿಯುವ ಹಂಗಾಮು. ಹತ್ತಿರದ ಹಳ್ಳಿಯ ಶಾಲೆಯೊಂದರ ಶಿಕ್ಷಕಿ ನಾಲ್ಕನೆಯ ತರಗತಿಯ ಹುಡುಗನೊಬ್ಬನನ್ನು ಮಧ್ಯಾಹ್ನದ ಹೊತ್ತಿಗೆ ಕೈಹಿಡಿದು ಕರೆತಂದರು. ಜೊತೆಗೆ ಹೊಲದಿಂದ ಹಾಗೆಯೇ ಎದ್ದುಬಂದ ತಂದೆ. ಹುಡುಗನ ಮೀನಖಂಡದ ಮೇಲೆ ಹಲ್ಲಿನ ಗುರುತು, ಒಣಗುತ್ತಿದ್ದ ಹೊಪ್ಪಳಿಕೆ. ನಾಯಿಮರಿ ಕಚ್ಚಿ ಆರು ದಿನವಾಗಿತ್ತು. ಬೆಲ್ಲದ ಗಾಣದ ಹಿಂದೆ ಹುಡುಗರು ಸೇರಿ ರೊಟ್ಟಿ ಹಾಕಿ ಸಾಕಿದ್ದ ಮರಿ. ಕಚ್ಚಿದ ಮೂರನೆಯ ದಿನ ಆ ಮರಿ ಸತ್ತಿತ್ತು. ಮನೆಯಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ.

ಶಿಕ್ಷಕಿಗೆ ಗೊತ್ತಾದದ್ದು ಹೇಗೆ? ನಮ್ಮ ಭಾಗದ ಮಕ್ಕಳ ಬಾಯಲ್ಲಿ ಅವರು ಅಕ್ಕೋರು. ಆ ದಿನ ಅಕ್ಕೋರು ಶಾಲೆಯ ಪುಸ್ತಕದ ಪೆಟ್ಟಿಗೆಯಿಂದ ಒಂದು ಸಣ್ಣ ಕಥೆ ಓದುತ್ತಿದ್ದರು. ಸಂತೆಗೆಂದು ಕೊಟ್ಟ ದುಡ್ಡನ್ನು ಕಳೆದುಕೊಂಡ ಹುಡುಗ ಮನೆಗೆ ಹೋಗಲು ಹೆದರಿ ಗುಡಿಯ ಕಟ್ಟೆಯ ಮೇಲೆ ಕೂತಿದ್ದಾನೆ, ಕತ್ತಲಾಗುತ್ತಿದೆ. ಅಲ್ಲಿಗೆ ಪುಸ್ತಕ ಮುಚ್ಚಿ, "ಇಂವ ಮನ್ಯಾಗ ಯಾಕ ಹೇಳವಲ್ಲ?" ಎಂದು ಕೇಳಿದರು. "ಹೊಡೀತಾರ್ರೀ" ಎಂದ ಒಬ್ಬ. "ಮತ್ತ ಸಂತಿಗೆ ಕಳಸೂದಿಲ್ರೀ" ಎಂದಳು ಇನ್ನೊಬ್ಬಳು. ಕೊನೆಯ ಸಾಲಿನಿಂದ ಈ ಹುಡುಗ, "ಹೇಳಿದ್ರ ಹೊಟ್ಟಿಗೆ ಹದಿನಾಕ ಸೂಜಿ ಮಾಡ್ತಾರ್ರೀ ಅಕ್ಕೋರ" ಎಂದ.

ತರಗತಿ ನಕ್ಕಿತು. ದುಡ್ಡು ಕಳೆದುಕೊಂಡವನಿಗೆ ಸೂಜಿ ಏಕೆ? ಅಕ್ಕೋರು ನಗಲಿಲ್ಲ, "ತಪ್ಪು" ಎಂದೂ ಹೇಳಲಿಲ್ಲ. ಈ ಉತ್ತರ ಕಥೆಗೆ ಸೇರಿದ್ದಲ್ಲ, ಹುಡುಗನಿಗೆ ಸೇರಿದ್ದು ಎಂದು ಅವರಿಗೆ ಹೊಳೆಯಿತು. ಊಟದ ಬಿಡುವಿನಲ್ಲಿ ಅವನೊಬ್ಬನನ್ನೇ ಕರೆದು ಕೇಳಿದಾಗ ಅವನು ಚಡ್ಡಿಯ ಕೆಳಗಿನ ಗಾಯ ತೋರಿಸಿದ.

ಪ್ರಶ್ನೋತ್ತರ ಬರೆಸಿ ಮುಗಿಸುವ ಪಾಠವಾಗಿದ್ದರೆ ಆ ಹುಡುಗ "ದುಡ್ಡು ಕಳೆದಿದ್ದರಿಂದ" ಎಂದು ಬರೆದು ಹತ್ತಕ್ಕೆ ಹತ್ತು ಅಂಕ ಪಡೆಯುತ್ತಿದ್ದ.

ಹುಚ್ಚುನಾಯಿ ರೋಗದ ಬಗ್ಗೆ ನಾಲ್ಕು ಮಾತು

ಗೃಹವೈದ್ಯನಾಗಿದ್ದ ದಿನಗಳಲ್ಲಿ ನಾನು ಈ ರೋಗ ಹತ್ತಿದ ಒಬ್ಬ ಬಾಲಕನನ್ನು ನೋಡಿದ್ದೇನೆ. ನೀರಿನ ಲೋಟ ಕಂಡರೆ ಗಂಟಲು ಬಿಗಿಯುತ್ತಿತ್ತು, ಬೀಸಣಿಗೆಯ ಗಾಳಿ ತಾಗಿದರೆ ಮೈ ಸೆಟೆಯುತ್ತಿತ್ತು. ಬುದ್ಧಿ ಸ್ವಚ್ಛವಾಗಿತ್ತು, ತಾಯಿಯ ಗುರುತು ಹಿಡಿಯುತ್ತಿದ್ದ. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ರೇಬಿಸ್ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಆದರೆ ಕಚ್ಚಿದ ದಿನದಿಂದ ಲಕ್ಷಣ ಕಾಣುವವರೆಗೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳ ಅವಧಿ ಇರುತ್ತದೆ. ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ವರ್ಷ. ಈ ಅವಧಿಯಲ್ಲಿ ಸರಿಯಾದ ಚಿಕಿತ್ಸೆ ಸಿಕ್ಕರೆ ರೋಗವನ್ನು ಪೂರ್ತಿಯಾಗಿ ತಡೆಯಬಹುದು. ಐದರಿಂದ ಹದಿನಾಲ್ಕು ವರ್ಷದ ಮಕ್ಕಳೇ ಈ ರೋಗಕ್ಕೆ ಮತ್ತೆ ಮತ್ತೆ ಬಲಿಯಾಗುವವರು. ಅವರು ನಾಯಿಮರಿಗಳೊಂದಿಗೆ ಆಡುತ್ತಾರೆ, ಕಚ್ಚಿದರೆ ಮುಚ್ಚಿಡುತ್ತಾರೆ.

ಕಚ್ಚಿದ ಕೂಡಲೇ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ, ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚಬಾರದು. ಲಸಿಕೆಯನ್ನು ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 3, 7 ಮತ್ತು 28ನೆಯ ದಿನ ತೋಳಿನ ಚರ್ಮದೊಳಗೆ ಕೊಡುತ್ತಾರೆ. ಸ್ನಾಯುವಿಗೆ ಕೊಡುವುದಾದರೆ 14ನೆಯ ದಿನದ್ದೂ ಸೇರಿ ಐದು ಸಲ. ಚರ್ಮ ಒಡೆದು ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಮದ್ದು ಕಡ್ಡಾಯ. ತಡವಾಗಿದೆ ಎಂದು ಬಿಡಬಾರದು. ಆರು ದಿನ ಕಳೆದಿದ್ದರೂ ಇವತ್ತೇ ಕಚ್ಚಿದೆ ಎಂದು ತಿಳಿದು ಶುರು ಮಾಡಬೇಕು. ಆ ಹುಡುಗನಿಗೂ ಗಾಯ ತೊಳೆದು, ಅದೇ ದಿನ ತಾಲೂಕು ಆಸ್ಪತ್ರೆಗೆ ಕಳಿಸಿ ಎರಡೂ ಮದ್ದು ಹಾಕಿಸಿದೆವು.

ಹೊಟ್ಟೆಗೆ ಹದಿನಾಲ್ಕು ಸೂಜಿ? ಅದು ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಹಳೆಯ ಲಸಿಕೆ. 2004ರ ಕೊನೆಗೆ ಭಾರತದಲ್ಲಿ ಅದು ನಿಂತುಹೋಯಿತು. ಹುಡುಗ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಇಲ್ಲವಾದ ಸೂಜಿಗೆ ಅವನು ಹೆದರಿದ್ದ. ಆ ಹೆದರಿಕೆಯನ್ನು ಕೊಟ್ಟವರು ನಾವು ದೊಡ್ಡವರೇ. "ನಾಯಿ ಹಂತ್ಯಾಕ ಹೋದ್ರ ಹದಿನಾಕ ಸೂಜಿ ನೋಡು" ಎಂದು ಗದರಿಸುವ ಮನೆಗಳು ಇಂದಿಗೂ ಇವೆ. ನಾಯಿಯ ಹತ್ತಿರ ಹೋಗುವುದನ್ನು ಆ ಮಾತು ತಪ್ಪಿಸಲಿಲ್ಲ, ಕಚ್ಚಿದ್ದನ್ನು ಹೇಳುವುದನ್ನು ಮಾತ್ರ ತಪ್ಪಿಸಿತು.

ಜೀವನ ಕೌಶಲ್ಯ ಎಂದರೆ

ಪಾಲಕರ ಸಭೆಯಲ್ಲಿ ಈ ಮಾತು ಎತ್ತಿದಾಗ ಒಬ್ಬರು, "ಹೊಲಿಗಿ ಯಂತ್ರ ಕೊಡ್ತಾರೇನ್ರೀ?" ಎಂದು ಕೇಳಿದರು. ತಪ್ಪೇನಿಲ್ಲ, ಕೌಶಲ್ಯ ಎಂದರೆ ನಮಗೆ ಕೈಕೆಲಸವೇ ನೆನಪಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಶಾಲೆಗಳಿಗಾಗಿ ಹೊರಡಿಸಿದ ಕೈಪಿಡಿ ಬೇರೆಯದನ್ನು ಹೇಳುತ್ತದೆ. ದಿನನಿತ್ಯದ ಬೇಡಿಕೆ ಮತ್ತು ಸವಾಲುಗಳನ್ನು ಎದುರಿಸುವ ಮನಸ್ಸಿನ ಶಕ್ತಿಗಳನ್ನು ಅದು ಜೀವನ ಕೌಶಲ್ಯಗಳೆಂದು ಕರೆಯಿತು. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ನೋವು ತಿಳಿಯುವುದು, ನಿರ್ಧಾರ ಮಾಡುವುದು, ತೊಡಕು ಬಿಡಿಸುವುದು, ಕೇಳಿದ್ದನ್ನೆಲ್ಲ ನಂಬದೆ ಒರೆಗೆ ಹಚ್ಚುವುದು, ಹೊಸದಾಗಿ ಯೋಚಿಸುವುದು, ಸರಿಯಾಗಿ ಹೇಳುವುದು, ಜನರೊಂದಿಗೆ ಹೊಂದಿಕೊಂಡಿರುವುದು, ಸಿಟ್ಟು ದುಃಖಗಳನ್ನು ನಿಭಾಯಿಸುವುದು, ಒತ್ತಡ ತಾಳುವುದು, ಹೀಗೆ ಹತ್ತು. ಹತ್ತನ್ನೂ ಬಾಯಿಪಾಠ ಮಾಡಬೇಕಿಲ್ಲ. ನಾಯಿ ಕಚ್ಚಿದ ಹುಡುಗನಿಗೆ ಬೇಕಾಗಿದ್ದವು ಎರಡು ಮೂರು: ಹೆದರಿಕೆಯನ್ನು ಗುರುತಿಸುವುದು, ಹದಿನಾಲ್ಕು ಸೂಜಿಯ ಮಾತು ನಿಜವೇ ಎಂದು ಕೇಳುವುದು, ನಂಬಿಕೆಯ ಒಬ್ಬ ಹಿರಿಯರಿಗೆ ಹೇಳುವುದು. ಅಷ್ಟಿದ್ದರೆ ಅವನು ಮೊದಲ ದಿನವೇ ಬರುತ್ತಿದ್ದ.

ಇದು ಈಜಿನಂತೆ. ದಂಡೆಯ ಮೇಲೆ ಕೂರಿಸಿ ಹೇಳಿಕೊಟ್ಟರೆ ಬರುವುದಿಲ್ಲ, ನೀರಿಗೆ ಇಳಿಯಬೇಕು. ಹಾಗೆಂದು ಎಳೆಯ ಮಗುವನ್ನು ನಿಜವಾದ ಕಷ್ಟಕ್ಕೆ ನೂಕುವಂತಿಲ್ಲ. ಕಥೆ ಎಂಬುದು ಮೊಳಕಾಲುದ್ದದ ನೀರು. ಅಲ್ಲಿ ಕಷ್ಟ ಬಂದಿರುವುದು ಇನ್ನೊಬ್ಬನಿಗೆ. ಅವನ ನೆಪದಲ್ಲಿ ಮಗು ತನ್ನ ಮಾತು ಆಡಬಹುದು, ಬೇಡವೆನಿಸಿದರೆ ಕಥೆಯ ಹಿಂದೆ ಅಡಗಬಹುದು.

ಇದರಿಂದ ನಿಜವಾಗಿ ಗುಣವಿದೆಯೇ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಶ್ರೀಕಲಾ ಭರತ್ ಮತ್ತು ಡಾ. ಕಿಶೋರ್ ಕುಮಾರ್ ಅವರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ತರಬೇತಿ ಪಡೆದ ಶಿಕ್ಷಕರೇ ಪ್ರೌಢಶಾಲೆಗಳಲ್ಲಿ ಗುಂಪುಚರ್ಚೆ, ಚಟುವಟಿಕೆಗಳ ಮೂಲಕ ಜೀವನ ಕೌಶಲ್ಯ ಕಲಿಸಿದ್ದರು. ವರ್ಷದ ಕೊನೆಗೆ ಅಂಥ ಶಾಲೆಗಳ 605 ಮಕ್ಕಳನ್ನು ಕಾರ್ಯಕ್ರಮವಿಲ್ಲದ ಶಾಲೆಗಳ 423 ಮಕ್ಕಳೊಂದಿಗೆ ಹೋಲಿಸಿದರು. ಕಲಿತ ಮಕ್ಕಳಲ್ಲಿ ಆತ್ಮಗೌರವ, ಕಷ್ಟವನ್ನು ನಿಭಾಯಿಸುವ ಧೈರ್ಯ, ಶಿಕ್ಷಕರೊಂದಿಗಿನ ಹೊಂದಾಣಿಕೆ, ಇತರರಿಗೆ ನೆರವಾಗುವ ಗುಣ ಹೆಚ್ಚಾಗಿದ್ದವು. ಆದರೆ ಮನೆಯವರೊಂದಿಗಿನ ಹೊಂದಾಣಿಕೆಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಧ್ಯಯನದ ಈ ಎರಡನೆಯ ಭಾಗ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಶಾಲೆ ಮಗುವಿನ ಬಾಯಿ ಬಿಡಿಸಬಹುದು. ಮನೆಯಲ್ಲಿ ಕೇಳುವ ಕಿವಿ ಇದೆಯೋ ಇಲ್ಲವೋ ಅದು ಶಾಲೆಯ ಕೈಯಲ್ಲಿಲ್ಲ. ಅದಕ್ಕಾಗಿಯೇ ಇದನ್ನು ಶಿಕ್ಷಕರ ಪತ್ರಿಕೆಯಲ್ಲಿ ಅಲ್ಲ, ಮನೆಮಂದಿಯೆಲ್ಲ ಓದುವ ಈ ಪುಟದಲ್ಲಿ ಬರೆಯುತ್ತಿದ್ದೇನೆ.

ಪುಣ್ಯಕೋಟಿಯನ್ನು ಹೀಗೂ ಓದಬಹುದು

ಗೋವಿನ ಹಾಡು ಗೊತ್ತಿಲ್ಲದ ಕನ್ನಡದ ಮನೆ ಸಿಗುವುದು ಕಷ್ಟ. ಮೇಯಲು ಹೋದ ಪುಣ್ಯಕೋಟಿ ಎಂಬ ಆಕಳನ್ನು ಹುಲಿ ಅಡ್ಡಗಟ್ಟುತ್ತದೆ. ಕರುವಿಗೆ ಹಾಲು ಕೊಟ್ಟು ಬರುತ್ತೇನೆಂದು ಮಾತು ಕೊಟ್ಟು ಹೋದ ಆಕಳು ಹಾಗೆಯೇ ಮರಳಿ ಬರುತ್ತದೆ. ತರಗತಿಯಲ್ಲಿ ಇದನ್ನು ಓದಿದ ಮೇಲೆ ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಈ ಹಾಡಿನ ನೀತಿ ಏನು?" ಉತ್ತರ ಎಲ್ಲರದೂ ಒಂದೇ, ಸತ್ಯ. ಬರೆದಾಯಿತು, ಪಾಠ ಮುಗಿಯಿತು. ನಾನೂ ಹಾಗೆಯೇ ಬರೆದು ಪಾಸಾದವನು.

ಅದೇ ಹಾಡನ್ನು ಹುಲಿ ಆಕಳನ್ನು ಬಿಟ್ಟುಕೊಟ್ಟ ಕಡೆ ನಿಲ್ಲಿಸಿ ನೋಡಿ. ದಾರಿಯಲ್ಲಿ ಆಕಳ ಮನಸ್ಸಿನಲ್ಲಿ ಏನೇನು ಬಂದಿರಬಹುದು? ಕರುವಿಗೆ ನಿಜ ಹೇಳಬೇಕೆ, ಮುಚ್ಚಿಡಬೇಕೆ? ಉಳಿದ ಆಕಳುಗಳು ಏನು ಸಹಾಯ ಮಾಡಬಹುದಿತ್ತು? ನೀನು ಕರುವಾಗಿದ್ದರೆ ಏನು ಕೇಳುತ್ತಿದ್ದೆ? ಇವಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ಆದ್ದರಿಂದ ಕೊನೆಯ ಸಾಲಿನವನೂ ಕೈ ಎತ್ತಬಹುದು. ನಾನು ಆರೋಗ್ಯ ತಪಾಸಣೆಗೆಂದು ಹೋದ ಶಾಲೆಯೊಂದರಲ್ಲಿ, ತಾಯಿಯನ್ನು ಕಳೆದುಕೊಂಡು ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದ ಹುಡುಗಿಯೊಬ್ಬಳು "ಕರಾ ಬ್ಯಾರೆ ಆಕಳ ಹಾಲ ಕುಡದ್ರ ಅದರವ್ವಗ ಸಿಟ್ಟ ಬರ್ತೈತೇನ್ರೀ?" ಎಂದು ಕೇಳಿದಳು. ಶಿಕ್ಷಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲವಾ, ಸಮಾಧಾನ ಆಗ್ತೈತಿ" ಎಂದರು. ಮನೋವೈದ್ಯರೂ ಇದಕ್ಕಿಂತ ಚೆನ್ನಾಗಿ ಹೇಳಲಾರರು.

ಆ ಹಾಡಿನ ಕೊನೆಯಲ್ಲಿ ಹುಲಿ ನಾಚಿಕೊಂಡು ಪ್ರಾಣ ಬಿಡುತ್ತದೆ. ವೈದ್ಯನಾಗಿ ನನಗೆ ಇಲ್ಲಿ ನಿಲ್ಲಬೇಕೆನಿಸುತ್ತದೆ. ತಪ್ಪು ಮಾಡಿ ನಾಚಿಕೆಪಟ್ಟವರಿಗೆ ಸಾವೇ ದಾರಿ ಎಂಬ ಭಾವನೆ ಮಕ್ಕಳ ಮನಸ್ಸಿನಲ್ಲಿ ಉಳಿಯಬಾರದು. ಪರೀಕ್ಷೆಯ ಫಲಿತಾಂಶದ ವಾರದಲ್ಲಿ ಹೊಲಕ್ಕೆ ಹೊಡೆಯುವ ಎಣ್ಣೆ ಕುಡಿದು ಬಂದ ಮಕ್ಕಳನ್ನು ನೋಡಿದವರಿಗೆ ಈ ಮಾತಿನ ತೂಕ ತಿಳಿದೀತು. ಹಾಡನ್ನು ಬಿಡಬೇಕೆಂದಲ್ಲ. "ಹುಲಿ ಬ್ಯಾರೆ ಏನ ಮಾಡಬಹುದಿತ್ತು?" ಎಂದು ಕೇಳಿದರೆ ಮಕ್ಕಳೇ ಹತ್ತು ದಾರಿ ಹೇಳುತ್ತಾರೆ. ಕ್ಷಮೆ ಕೇಳಬಹುದಿತ್ತು, ಊರಿನ ದನ ಮುಟ್ಟದೆ ಇರಬಹುದಿತ್ತು, ಕರುವನ್ನು ಕಾಯಬಹುದಿತ್ತು ಎನ್ನುತ್ತಾರೆ. ತೊಡಕಿಗೆ ಒಂದಕ್ಕಿಂತ ಹೆಚ್ಚು ದಾರಿ ಕಾಣುವುದೇ ಒಂದು ಕೌಶಲ್ಯ.

ಇನ್ನೊಂದು ಸೂಕ್ಷ್ಮವಿದೆ. ಕೊಟ್ಟ ಮಾತು ತಪ್ಪಬಾರದು ಎಂದು ಕಲಿಸುತ್ತೇವೆ. ಮಗುವಿನ ಮೈಯನ್ನು ಕೆಟ್ಟ ರೀತಿಯಲ್ಲಿ ಮುಟ್ಟುವವನೂ ಮೊದಲು ಮಾಡುವ ಕೆಲಸ ಮಾತು ತೆಗೆದುಕೊಳ್ಳುವುದು: "ಯಾರಿಗೂ ಹೇಳಬ್ಯಾಡ." ಪುಣ್ಯಕೋಟಿ ಓದಿದ ದಿನವೇ ಮಕ್ಕಳಿಗೆ ತಿಳಿಸಬೇಕಾದದ್ದು ಇದು: ಹೆದರಿಸಿ ಪಡೆದ ಮಾತನ್ನು ಉಳಿಸಿಕೊಳ್ಳಬೇಕಾಗಿಲ್ಲ, ನೋವು ಕೊಡುವ ಗುಟ್ಟನ್ನು ಅವ್ವನಿಗೋ ಅಕ್ಕೋರಿಗೋ ಹೇಳಲೇಬೇಕು, ಹೇಳಿದ್ದಕ್ಕೆ ಯಾರೂ ಬೈಯುವುದಿಲ್ಲ. ಹಾಗೆ ಹೇಳಿದ ಮಗುವಿನ ಮಾತನ್ನು ಮುಚ್ಚಿಹಾಕುವ ಹಕ್ಕು ದೊಡ್ಡವರಿಗಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ದಿನದ ಯಾವ ಹೊತ್ತಿನಲ್ಲೂ ಸಿಗುತ್ತದೆ.

ಡಬ್ಬಿ, ಪೊಟ್ಟಣ ಓದುವ ದಿನ

ಓದು ಎಂದರೆ ಕಥೆ ಮಾತ್ರವಲ್ಲ. ತಿಂಗಳಿಗೊಮ್ಮೆ ಮಕ್ಕಳು ಮನೆಯಲ್ಲಿರುವ ಅಕ್ಷರಗಳನ್ನು ತರಗತಿಗೆ ತರಲಿ. ಖಾಲಿಯಾದ ಗುಳಿಗೆಯ ಪಟ್ಟಿ, ಓ.ಆರ್.ಎಸ್. ಪೊಟ್ಟಣ, ಬಿಸ್ಕೀಟಿನ ಕಾಗದ, ಬಸ್ಸಿನ ಟಿಕೀಟು. ಗುಳಿಗೆಯ ಅವಧಿ ಯಾವಾಗ ಮುಗಿದಿದೆ? ಓ.ಆರ್.ಎಸ್. ಪೊಟ್ಟಣವನ್ನು ಎಷ್ಟು ನೀರಿಗೆ ಹಾಕಬೇಕು? ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ ಹಾಕಿ, ಇಪ್ಪತ್ನಾಲ್ಕು ತಾಸಿನೊಳಗೆ ಬಳಸಬೇಕು. ಒಂದು ಲೋಟಕ್ಕೆ ಒಂದು ಚಮಚೆ ಎಂದು ಅಂದಾಜಿನಲ್ಲಿ ಕಲಸಿ ಕುಡಿಸುವ ಮನೆಗಳು ಬಹಳ. ಐದನೆಯ ತರಗತಿಯ ಹುಡುಗಿ ಪೊಟ್ಟಣ ಓದಿ ತನ್ನ ತಮ್ಮನಿಗೆ ಸರಿಯಾಗಿ ಕಲಸಿದ್ದನ್ನು ನಾನು ನೋಡಿದ್ದೇನೆ. ನನ್ನ ಸಲೈನಿನ ಒಂದು ಬಾಟಲಿ ಅವಳಿಂದ ಉಳಿಯಿತು.

ಕಬ್ಬಿನ ಸೀಮೆಯ ನಮಗೆ ಕೀಟನಾಶಕದ ಡಬ್ಬಿಯ ಗುರುತನ್ನು ಓದುವುದು ಅಷ್ಟೇ ಮುಖ್ಯ. ಡಬ್ಬಿಯನ್ನು ಮಾತ್ರ ಶಾಲೆಗೆ ತರಬಾರದು, ಖಾಲಿಯಾದದ್ದನ್ನೂ ತರಬಾರದು. ಗುರುತನ್ನು ಶಿಕ್ಷಕರು ಹಲಗೆಯ ಮೇಲೆ ಬರೆದು ತೋರಿಸಲಿ. ವಜ್ರಾಕಾರದ ಗುರುತಿನ ಕೆಳಭಾಗ ಕೆಂಪಾಗಿದ್ದರೆ ಅತ್ಯಂತ ಘೋರ ವಿಷ, ಹಳದಿಯಾಗಿದ್ದರೆ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರು ಎಂದರೆ ನಿರಪಾಯ ಎಂದಲ್ಲ. ಇದನ್ನು ಓದಿದ ಮಗು ಸಂಜೆ ಮನೆಗೆ ಬಂದು, "ಅಪ್ಪಾ, ನಮ್ಮ ಎಣ್ಣಿ ಯಾವ ಬಣ್ಣದ್ದೈತಿ?" ಎಂದು ಕೇಳಿದರೆ ಸಿಟ್ಟಾಗದೆ ತೋರಿಸಿ. ತಂಪು ಪಾನೀಯದ ಬಾಟಲಿಯಲ್ಲಿ ಎಣ್ಣೆ ತುಂಬಿಟ್ಟಿದ್ದರೆ ಅದು ಆಗಲಾದರೂ ಹೊರಬಿದ್ದೀತು.

ನಿಲ್ಲಿಸಬೇಕಾದ ಕೆಲವು ರೂಢಿಗಳು

ಸರದಿಯ ಮೇಲೆ ಎಲ್ಲರೂ ಎದ್ದು ನಿಂತು ಗಟ್ಟಿಯಾಗಿ ಓದಲೇಬೇಕೆಂಬ ಕಟ್ಟಳೆ ಅನೇಕ ಸೋಮವಾರದ ಹೊಟ್ಟೆನೋವುಗಳ ಮೂಲ. ಓದಲು ತಡವರಿಸುವ ಮಗುವನ್ನು "ದಡ್ಡ" ಎನ್ನುವ ಮೊದಲು ಕಣ್ಣು ತೋರಿಸಿ. ಹಲಗೆಯ ಅಕ್ಷರವನ್ನು ಪಕ್ಕದವನ ಪಾಟಿ ನೋಡಿ ಬರೆಯುವ ಮಗುವಿಗೆ ಕನ್ನಡಕ ಬೇಕಾಗಿರಬಹುದು. ಕಿವಿ ಸೋರುವ ಮಗುವಿಗೆ ಪಾಠ ಅರ್ಧ ಮಾತ್ರ ಕೇಳಿಸುತ್ತಿರಬಹುದು. ಐದರಿಂದ ಹನ್ನೊಂದು ವರ್ಷದ ಮಗುವಿನ ಹಿಮೊಗ್ಲೋಬಿನ್ 11.5 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಅಂಥ ಮಗುವಿಗೆ ಗಮನ ನಿಲ್ಲುವುದಿಲ್ಲ, ಬೇಗ ದಣಿಯುತ್ತದೆ. ಇವೆಲ್ಲ ಸರಿ ಇದ್ದೂ ಅಕ್ಷರಗಳು ಅದಲುಬದಲಾಗುತ್ತಿದ್ದರೆ ಅದು ಕಲಿಕೆಯ ತೊಂದರೆ. ಅದಕ್ಕೆ ತಜ್ಞರಿದ್ದಾರೆ, ಬೆತ್ತವಲ್ಲ. ಅಲ್ಲಿಯವರೆಗೆ ಜೋಡಿಯಾಗಿ ಓದಿಸಬಹುದು, ಓದುವ ಬದಲು ಕಥೆಯನ್ನು ಹೇಳಿಸಬಹುದು, "ಇವತ್ತ ನಾ ಓದೂದಿಲ್ರೀ" ಎನ್ನುವ ಸ್ವಾತಂತ್ರ್ಯ ಕೊಡಬಹುದು.

ಭಾಷೆಯ ಮಾತು ಬಂದಾಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಮಗು "ನೋಯಾಕತ್ತೈತಿ" ಎಂದಾಗ "ನೋಯುತ್ತಿದೆ ಅನ್ನು" ಎಂದು ತಿದ್ದುವವರಿದ್ದಾರೆ. ಬರವಣಿಗೆಯಲ್ಲಿ ತಿದ್ದಿರಿ, ಬೇಡವೆನ್ನುವುದಿಲ್ಲ. ಮನಸ್ಸು ಬಿಚ್ಚುವ ಹೊತ್ತಿನಲ್ಲಿ ತಿದ್ದಿದರೆ ಮಗು ವಾಕ್ಯವನ್ನೂ ನುಂಗುತ್ತದೆ, ನೋವನ್ನೂ ನುಂಗುತ್ತದೆ. ನಮ್ಮ ಗಡಿಭಾಗದ ತರಗತಿಗಳಲ್ಲಿ ಮನೆಮಾತು ಮರಾಠಿ, ಉರ್ದು ಆಗಿರುವ ಮಕ್ಕಳಿರುತ್ತಾರೆ. ಮೊದಲು ಅವರ ಮಾತಿನಲ್ಲೇ ಹೇಳಲಿ, ಪಕ್ಕದವರು ಕನ್ನಡದಲ್ಲಿ ಹೇಳಿಕೊಡಲಿ.

ತರಗತಿಯಲ್ಲಿ ಮಗು ಆಡಿದ ಮಾತು ಶಿಕ್ಷಕರ ಕೋಣೆಯ ಹರಟೆಗೂ ಚಹಾದ ಅಂಗಡಿಗೂ ಹೋಗಬಾರದು. ವೈದ್ಯರಿಗೆ ಇರುವ ನಿಯಮವೇ ಇಲ್ಲಿಯೂ ಇರಲಿ. ಒಮ್ಮೆ ನಗೆಪಾಟಲಾದ ಮಗು ಮತ್ತೆ ಹೇಳುವುದಿಲ್ಲ. ಮಗುವಿನ ಮಾತಿನಲ್ಲಿ ಸಾವಿನ ವಿಚಾರವೋ, ಹಲವು ವಾರ ಮುಗಿಯದ ದುಃಖವೋ ಕಂಡರೆ ಶಿಕ್ಷಕರು ತಾವೇ ಎಲ್ಲ ಬಗೆಹರಿಸಲು ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಪಾಲಕರೂ ಕರೆ ಮಾಡಬಹುದು. ಶುಲ್ಕವಿಲ್ಲ, ಕನ್ನಡದಲ್ಲಿ ಮಾತನಾಡಬಹುದು.

ಮನೆಯಲ್ಲಿ ಹದಿನೈದು ನಿಮಿಷ

ಅಮೆರಿಕದ ಮನಶ್ಶಾಸ್ತ್ರಜ್ಞ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಎರಡು ವರ್ಷದ ಆಸುಪಾಸಿನ ಮಕ್ಕಳಿಗೆ ಚಿತ್ರಪುಸ್ತಕ ಓದುವಾಗ ತಾವೇ ಓದುತ್ತ ಹೋಗದೆ, "ಇದೇನು? ಆಮೇಲೆ ಏನಾಯಿತು?" ಎಂದು ಕೇಳಿ ಮಗುವಿನಿಂದಲೇ ಹೇಳಿಸುವಂತೆ ತಂದೆತಾಯಿಗಳಿಗೆ ತರಬೇತಿ ಕೊಟ್ಟರು. ಒಂದೇ ತಿಂಗಳಲ್ಲಿ ಆ ಮಕ್ಕಳು ಮಾತಿನ ಬೆಳವಣಿಗೆಯಲ್ಲಿ ಉಳಿದವರಿಗಿಂತ ಮುಂದೆ ಹೋಗಿದ್ದರು. ಪುಸ್ತಕ ಎರಡೂ ಗುಂಪಿಗೆ ಇತ್ತು. ಬದಲಾದದ್ದು ಓದುವ ರೀತಿ.

ನಮ್ಮ ಅಜ್ಜಿಯರು ಕಥೆಯ ನಡುವೆ "ಹೂಂ ಅನ್ನು" ಎನ್ನುತ್ತಿದ್ದರಲ್ಲ, ಅಲ್ಲಿಂದ ಒಂದು ಹೆಜ್ಜೆ ಮುಂದೆ ಇಟ್ಟರೆ ಸಾಕು. ರಾತ್ರಿ ಊಟದ ನಂತರ ಹದಿನೈದು ನಿಮಿಷ ಮೊಬೈಲು, ಧಾರಾವಾಹಿ ಬಂದ್ ಮಾಡಿ. ಮಗು ಓದಲಿ, ಓದಲು ಬಾರದ ಅಜ್ಜಿ ಕೇಳಲಿ. ಓದಲು ಬಾರದವರು ಕೇಳಿದ ಪ್ರಶ್ನೆಗಳೇ ಹಲವು ಸಲ ಒಳ್ಳೆಯವು, ಏಕೆಂದರೆ ಅವರಿಗೆ ನಿಜವಾಗಿಯೂ ಉತ್ತರ ಬೇಕಾಗಿರುತ್ತದೆ. ಈ ಪತ್ರಿಕೆಯ ಒಂದು ಸುದ್ದಿಯೂ ಆದೀತು. ಕೆರೆಯಲ್ಲಿ ಈಜಲು ಹೋದ ಬಾಲಕರ ಸುದ್ದಿ ಓದಿದ ದಿನ "ನೋಡು, ಹಿಂಗ ಆಗ್ತೈತಿ" ಎಂದು ಮುಗಿಸಬೇಡಿ. "ಗೆಳ್ಯಾರು ಬಾ ಅಂದ್ರ ನೀ ಏನ ಅಂತಿ?" ಎಂದು ಕೇಳಿ. "ಬರೂದಿಲ್ಲ" ಎಂದು ಹೇಳುವುದನ್ನು ಬಾಯಿಂದ ಒಮ್ಮೆ ಆಡಿಸಿ ನೋಡಿ. ಅದು ಮಕ್ಕಳಿಗೆ ಎಷ್ಟು ಕಷ್ಟ ಎಂದು ಆಗ ಗೊತ್ತಾಗುತ್ತದೆ.

ಪುಸ್ತಕ ಎಲ್ಲಿಂದ ತರುವುದು ಎನ್ನುವವರಿಗೆ ಗ್ರಾಮ ಪಂಚಾಯತಿ ಗ್ರಂಥಾಲಯಗಳಿವೆ. ಶಾಲೆಗಳು ಮುಚ್ಚಿದ್ದ 2020ರಲ್ಲಿ ರಾಜ್ಯದ ಪಂಚಾಯತ್ ರಾಜ್ ಇಲಾಖೆ ಆರಂಭಿಸಿದ "ಓದುವ ಬೆಳಕು" ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ನಿಮ್ಮೂರಿನ ಗ್ರಂಥಾಲಯದ ಬಾಗಿಲು ಯಾವ ಹೊತ್ತಿಗೆ ತೆರೆಯುತ್ತದೆ ಎಂದು ಮಗುವೇ ಹೋಗಿ ಕೇಳಿಕೊಂಡು ಬರಲಿ, ಅದೂ ಒಂದು ಅಭ್ಯಾಸ.

ಮಗು ಹೇಳಬಾರದ್ದು ಹೇಳಿದರೆ? ಹೇಳುತ್ತದೆ. ಲೋಟ ಒಡೆದದ್ದು, ಕಡಿಮೆ ಅಂಕ ಬಂದದ್ದು, ಬೀಡಿ ಸೇದಿ ನೋಡಿದ್ದು ಹೊರಬರುತ್ತದೆ. ಆ ಕ್ಷಣ ಕೈ ಎತ್ತಿದರೆ ಹದಿನೈದು ನಿಮಿಷದ ಎಲ್ಲ ರಾತ್ರಿಗಳೂ ವ್ಯರ್ಥ. "ಹೇಳಿದ್ದು ಚಲೋ ಆತು" ಎಂಬ ಮಾತು ಮೊದಲು ಬರಲಿ, ಬುದ್ಧಿ ಹೇಳುವುದು ಬೆಳಿಗ್ಗೆಯೂ ಆದೀತು.

ನಾಯಿ ಕಚ್ಚಿದ ಹುಡುಗನ ತಂದೆಗೆ ನಾನು ಹೇಳಿದ್ದೂ ಇದನ್ನೇ. ಅವರು ಆ ದಿನ ಮಗನ ಬೆನ್ನಿಗೆ ಒಂದು ಹಾಕಲು ಕೈ ಎತ್ತಿದ್ದರು, ಅಕ್ಕೋರು ಹಿಡಿದುಕೊಂಡರು. ಕೊನೆಯ ಲಸಿಕೆಯ ದಿನ ತಂದೆಮಗ ಇಬ್ಬರೂ ಆಸ್ಪತ್ರೆಯಿಂದ ಮರಳುವಾಗ ನನ್ನಲ್ಲಿಗೆ ಬಂದರು. ಮುಂದಿನ ಸಂತೆಯ ದಿನ ಬರಬೇಕು ಎಂದು ತಂದೆ ತಿಳಿದುಕೊಂಡಿದ್ದರಂತೆ. ಹುಡುಗ ಅಂಗಿಯ ಕಿಸೆಯಿಂದ ಮಡಚಿದ ಲಸಿಕೆಯ ಕಾರ್ಡು ತೆಗೆದು, ತಾರೀಖಿನ ಮೇಲೆ ಬೆರಳಿಟ್ಟು, "ಇವತ್ತ ಐತಿ ಅಂತ ನಾನ ಓದಿ ಹೇಳೇನ್ರೀ" ಎಂದ. ತಂದೆ ಹೌದೆಂದು ತಲೆಯಾಡಿಸಿದರು. ನಾಲ್ಕೂ ಸಲದ ತಾರೀಖುಗಳ ಮುಂದೆ ಸಹಿ ಬಿದ್ದಿತ್ತು.